ಮದ್ದು ಏರದ ಬೇರು

ಪ್ಯೋ ಡೊಕ್‌ಸುಲ್ ಮೂವತ್ತೊಂದು ವರ್ಷ ಆನ್ಯಾಂಗ್ ನಗರದಲ್ಲಿ ಬಸ್ ಓಡಿಸಿದವನು. ಅಷ್ಟು ವರ್ಷಗಳಲ್ಲಿ ನಿಲ್ಲಿಸಬೇಕಾದ ಕಡೆ ನಿಲ್ಲಿಸದೆ ಮುಂದೆ ಹೋದದ್ದು ಒಂದೇ ಒಂದು ಸಲ. ಅದು ಅವನ ಹೆಂಡತಿ ಒಕ್‌ಬುನ್ ಇಳಿಯಬೇಕಾಗಿದ್ದ ನಿಲ್ದಾಣ. ಇಂಥ ದಾಖಲೆಯಿರುವ ಮನುಷ್ಯ ನಿವೃತ್ತನಾದ ಮೇಲೆ ಸುಮ್ಮನೆ ಕೂತರೆ ದೇಶಕ್ಕೆ ನಷ್ಟ ಎಂದು ತೀರ್ಮಾನಿಸಿದವನೂ ಅವನೇ. ಗಾಂಗ್‌ವನ್ ಬೆಟ್ಟಸೀಮೆಯ ಸೊಲ್‌ಗೊಲ್ ಹಳ್ಳಿಗೆ ಹೋಗಿ, ಕಾಲು ಎಕರೆಗೆ ಒಂದಿಷ್ಟು ಕಡಿಮೆಯಿದ್ದ ಹೊಲ ಹಿಡಿದು, ಏಪ್ರಿಲ್ ತಿಂಗಳಲ್ಲಿ ದಾಂಗ್ವಿ ಸಸಿ ನೆಟ್ಟ. ರಕ್ತಕ್ಕೆ ಒಳ್ಳೆಯದೆಂದು ವೈದ್ಯರು ಕಷಾಯಕ್ಕೆ ಹಾಕುವ ಬೇರು ಅದು.

ಇಲ್ಲಿರುವುದೆಲ್ಲ ಡೊಕ್‌ಸುಲ್ ತಾನೇ, ಕೇಳಿದವರಿಗೂ ಕೇಳದವರಿಗೂ, ನಗುತ್ತ ಹೇಳಿಕೊಂಡಿದ್ದು. ಅಂಕಿಗಳನ್ನು ಒಕ್‌ಬುನ್ ತಿದ್ದಿದ್ದಾಳೆ.

ಪಕ್ಕದ ಹೊಲ ಮೋ ಅಜ್ಜಿಯದು. ಎಂಬತ್ತೆರಡು ವರ್ಷ, ಬಾಗಿದ ಬೆನ್ನು, ಬಾಗದ ನಾಲಿಗೆ. ಅವಳ ದಾಂಗ್ವಿ ಗಿಡಗಳು ನೋಡಲು ಜ್ವರ ಬಂದು ಎದ್ದವರ ಹಾಗಿದ್ದವು. ಆದರೆ ಶರತ್ಕಾಲದಲ್ಲಿ ಅವಳು ಬೇರು ಕಿತ್ತಳೆಂದರೆ ಆ ಘಾಟು ರಸ್ತೆಯಾಚೆಯ ಬಸ್ ನಿಲ್ದಾಣಕ್ಕೆ ಮುಟ್ಟುತ್ತದೆ, ವ್ಯಾಪಾರಿಗಳು ಮೊದಲು ಅವಳ ಮನೆಗೇ ಹೋಗುತ್ತಾರೆ ಎಂದು ಊರಲ್ಲಿ ಹೇಳುತ್ತಿದ್ದರು. ಮೇ ತಿಂಗಳ ಒಂದು ಬೆಳಗ್ಗೆ ಡೊಕ್‌ಸುಲ್ ಬೇಲಿಯ ಮೇಲೆ ಕೈಯೂರಿ ಗುಟ್ಟು ಕೇಳಿದ.

"ಅಜ್ಜಿ, ನಿಮ್ಮ ಬೇರಿಗೆ ಅಷ್ಟು ಹೆಸರು ಹೇಗೆ ಬಂತು?"

"ಬಸ್ಸಪ್ಪಾ," ಎಂದಳು ಅಜ್ಜಿ. ಅವನ ಹೆಸರು ಅವಳಿಗೆ ಗೊತ್ತಿತ್ತು, ಬೇಕಾಗಿರಲಿಲ್ಲ. "ಎಲೆ ನೋಡಿ ಕುಣೀಬೇಡ. ದಾಂಗ್ವಿಗೆ ಮದ್ದು ಏರಬೇಕು."

"ಎಷ್ಟು ಏರಬೇಕು?"

"ಏರುವಷ್ಟು ಏರಲಿ. ಅದಕ್ಕೇನು ಅಳತೆ ಉಂಟಾ?"

ಇಲ್ಲಿ ಒಂದು ವಿವರಣೆ ಅಗತ್ಯ. ಆ ನಾಡಿನ ಮಾತಿನಲ್ಲಿ ಮದ್ದು ಎಂಬ ಪದಕ್ಕೆ ಬಿಡುವೇ ಇಲ್ಲ. ವೈದ್ಯ ಕೊಡುವುದು ಮದ್ದು. ಹೊಲಕ್ಕೆ ಸುರಿಯುವುದೂ ಹೊಡೆಯುವುದೂ ಮದ್ದು. ಗಿಡ ಬಲಿತು ತನ್ನ ಕಹಿ, ಖಾರ, ಘಾಟನ್ನೆಲ್ಲ ಮೈಗೆ ತುಂಬಿಕೊಂಡರೆ ಮದ್ದು ಏರಿತು ಎನ್ನುತ್ತಾರೆ. ಮನುಷ್ಯನನ್ನು ಕೆಣಕಿ ಕೆಣಕಿ ಅವನ ಕಿವಿ ಕೆಂಪಾದರೆ ಅದಕ್ಕೂ ಮದ್ದು ಏರಿತು ಎಂದೇ ಹೆಸರು. ನಗರದ ಬಸ್ ಚಾಲಕನಾಗಿ ಡೊಕ್‌ಸುಲ್‌ಗೆ ಮೊದಲನೆಯದು, ಎರಡನೆಯದು ಮತ್ತು ನಾಲ್ಕನೆಯದು ಚೆನ್ನಾಗಿ ಗೊತ್ತಿದ್ದವು. ಬೇಕಾಗಿದ್ದದ್ದು ಮೂರನೆಯದು.

ಅವನು ನೇರವಾಗಿ ಪೇಟೆಯ ಗೊಬ್ಬರದ ಅಂಗಡಿಗೆ ಹೋದ.

"ದಾಂಗ್ವಿಗೆ ಮದ್ದು ಕೊಡಿ."

"ಹುಳಕ್ಕಾ, ರೋಗಕ್ಕಾ?" ಎಂದ ಅಂಗಡಿಯವನು.

"ಎರಡಕ್ಕೂ ಅಲ್ಲ. ಏರೋಕೆ."

ಅಂಗಡಿಯವನು ಒಂದು ಕ್ಷಣ ಯೋಚಿಸಿ ಇಪ್ಪತ್ತು ಕಿಲೋದ ಯೂರಿಯಾ ಮೂಟೆಯ ಮೇಲೆ ಕೈ ತಟ್ಟಿದ. "ಇದು ಹಾಕಿದ ಮೇಲೆ ಏರದೇ ಇರೋ ಗಿಡ ನಾನಂತೂ ನೋಡಿಲ್ಲ ಸ್ವಾಮಿ."

ಮೂಟೆಯ ಮೇಲೆ ಸಾರಜನಕ ನಲವತ್ತಾರು ಶೇಕಡಾ ಎಂದು ದಪ್ಪಕ್ಷರದಲ್ಲಿತ್ತು. ಡೊಕ್‌ಸುಲ್‌ಗೆ ಆ ಅಂಕಿ ಬಹಳ ಹಿಡಿಸಿತು. ಶಾಲೆಯಲ್ಲಿ ಅವನಿಗೆ ಗಣಿತದಲ್ಲಿ ಒಮ್ಮೆಯೂ ಅಷ್ಟು ಬಂದಿರಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಅವನು ಐದು ಮೂಟೆ ಸುರಿದ. ಈಗ ಕೇಳಿದರೆ ಮೂರು ಎನ್ನುತ್ತಾನೆ. ಐದು ಎಂದು ತಿದ್ದಿದವಳು ಒಕ್‌ಬುನ್.

ಗಿಡಗಳು ಏರಿದವು. ಎಲೆಗಳು ಬೀಸಣಿಗೆಯಷ್ಟಾದವು, ಹಸಿರು ಕಪ್ಪಿಗೆ ತಿರುಗಿತು. ಕೆಲವು ಗಿಡಗಳಂತೂ ಜುಲೈನಲ್ಲೇ ದಂಟು ಎತ್ತಿ, ಆಮೇಲೆ ನೇರಳೆ ಹೂ ಬಿಟ್ಟವು. ಹೂ ಬಿಟ್ಟ ದಾಂಗ್ವಿಯ ಬೇರು ಕಟ್ಟಿಗೆಯಾಗುತ್ತದೆ, ಅದು ಒಲೆಯಲ್ಲೂ ಸರಿಯಾಗಿ ಉರಿಯುವುದಿಲ್ಲ. ಇದನ್ನರಿಯದ ಡೊಕ್‌ಸುಲ್ ಹೂವಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ತನ್ನ ಹಳೆಯ ಡಿಪೋದ ಎಲ್ಲರಿಗೂ ಕಳಿಸಿದ. ಡಿಪೋದವರು ಚಪ್ಪಾಳೆ ತಟ್ಟುವ ಚಿತ್ರಗಳನ್ನು ಕಳಿಸಿದರು.

ಊರಿನವರು ಸಂಜೆ ಬುಟ್ಟಿ ಹಿಡಿದು ಬರತೊಡಗಿದರು. ಸುಟ್ಟ ಹಂದಿಮಾಂಸವನ್ನು ದಾಂಗ್ವಿ ಎಲೆಯಲ್ಲಿ ಸುತ್ತಿ ತಿನ್ನುವುದು ಅಲ್ಲಿನ ರೂಢಿ. ಊರ ಮುಖ್ಯಸ್ಥ ಕ್ವಾಕ್ ಮೂರು ತುತ್ತು ನುಂಗಿ ಹೇಳಿದ:

"ಡೊಕ್‌ಸುಲಣ್ಣಾ, ಎಂಥ ಎಲೆ! ನಾಲಿಗೆಗೆ ಗೊತ್ತೇ ಆಗಲ್ಲ. ಮೋ ಅಜ್ಜಿ ಹೊಲದ್ದು ತಿಂದ್ರೆ ಬಾಯಿ ಜುಂ ಅನ್ನುತ್ತೆ. ಇದು ಎಲೆಕೋಸಿಗಿಂತ ಮೆತ್ತಗೆ."

ಡೊಕ್‌ಸುಲ್ ಇದನ್ನು ಹೊಗಳಿಕೆಯ ಖಾತೆಗೆ ಸೇರಿಸಿದ. ಮಾರನೆಯ ವಾರ ಪೇಟೆಯಲ್ಲಿ ಒಂದು ನೀಲಿ ಟೋಪಿಗೆ "ದಾಂಗ್ವಿ ಡಾಕ್ಟರು" ಎಂದು ಹಳದಿ ದಾರದಲ್ಲಿ ಕಸೂತಿ ಹಾಕಿಸಿಕೊಂಡು ಬಂದ.

"ಇದನ್ನ ಹಾಕ್ಕೊಂಡು ಜೆಚನ್‌ಗೆ ಬಂದ್ರೆ ನಾನು ಹಿಂದಿನ ಸೀಟಲ್ಲಿ ಕೂರ್ತೀನಿ," ಎಂದಳು ಒಕ್‌ಬುನ್.

ಜೆಚನ್‌ನಲ್ಲಿ ಸೆಪ್ಟೆಂಬರ್ ಎರಡನೆಯ ಭಾನುವಾರ ಬೀಗರ ಭೇಟಿ ಇತ್ತು. ಮಗಳು ಸೆರಿನ್ ಮೆಚ್ಚಿದ ಹುಡುಗನ ತಂದೆ ನಮ್‌ಗುಂಗ್ ಅಲ್ಲಿ ಮೂರು ತಲೆಮಾರಿನ ನಾಟಿ ವೈದ್ಯರು. ನಾಡಿ ನೋಡುವಾಗ ಅವರು ಉಸಿರಾಡುತ್ತಾರೋ ಇಲ್ಲವೋ ಎಂದು ರೋಗಿಗಳೇ ಗಾಬರಿಯಾಗುತ್ತಿದ್ದರಂತೆ. ಎರಡೂ ಮನೆಯವರು ಮೊದಲ ಸಲ ಎದುರುಬದುರು ಕೂರುವ ಊಟ ಅದು. ಇಂಥ ಊಟದಲ್ಲಿ ಯಾರೂ ನಿಜ ಹೇಳುವುದಿಲ್ಲ, ಯಾರೂ ಹೊಟ್ಟೆ ತುಂಬ ತಿನ್ನುವುದಿಲ್ಲ.

ಡೊಕ್‌ಸುಲ್ ಟೋಪಿ ಮನೆಯಲ್ಲಿ ಬಿಟ್ಟಿದ್ದ. ಆದರೆ ಹಿಂದಿನ ಸಂಜೆ ಹೊಲದ ಅತಿ ದೊಡ್ಡ ಬೇರನ್ನು ಅಗೆದು, ತೊಳೆದು, ಕೆಂಪು ರೇಷ್ಮೆ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದ. ಎರಡನೆಯ ಸುತ್ತಿನ ತಟ್ಟೆಗಳು ಬಂದಾಗ ಅದನ್ನು ಎರಡೂ ಕೈಯಲ್ಲಿ ವೈದ್ಯರ ಮುಂದಿಟ್ಟ. ಅವರು ಗಂಟು ಬಿಚ್ಚಿದರು. ಬೇರು ಮಗುವಿನ ತೊಡೆಯಷ್ಟಿತ್ತು. ಅಷ್ಟರಲ್ಲಿ ಬಡಿಸುವ ಹೆಂಗಸು ಬಾಗಿ ನೋಡಿ, "ಮೂಲಂಗಿ ಮನೆಯಿಂದಲೇ ತಂದಿದ್ದೀರಾ? ಹೆಚ್ಚಿಕೊಂಡು ಬರಲಾ?" ಎಂದಳು.



ನಮ್‌ಗುಂಗ್ ವೈದ್ಯರು ಬೇರಿನ ತುದಿ ಮುರಿದು ಮೂಸಿದರು. ಕಿಟಕಿಯ ಕಡೆ ನೋಡಿದರು. ಮತ್ತೆ ಮೂಸಿದರು. "ನನಗೆ ಇವತ್ತು ಸ್ವಲ್ಪ ನೆಗಡಿ," ಎಂದು ಮೂಗಿನ ಮೇಲೆ ತಪ್ಪು ಹೊರಿಸಿ, ಒಂದು ಚೂರು ಅಗಿದರು. ಕೊನೆಗೆ ಬಹಳ ಮೃದುವಾಗಿ ಹೇಳಿದರು:

"ಇನ್ನೂ ಸೆಪ್ಟೆಂಬರ್ ಅಲ್ಲವೇ ಬೀಗರೇ. ಮದ್ದು ಏರಿಲ್ಲ, ಅಷ್ಟೆ."

ಮೂಲಂಗಿ ಎಂದದ್ದಕ್ಕೆ ಬೀಗರು ಸಿಟ್ಟಾಗಿಲ್ಲವೆಂದು ಡೊಕ್‌ಸುಲ್‌ಗೆ ತಿಳಿಯಿತು. ಎಂಥ ದೊಡ್ಡ ಮನಸ್ಸು! ತಾನೂ ಕಡಿಮೆಯಾಗಬಾರದು.

"ಛೇ ಛೇ, ನನಗೂ ಏರಿಲ್ಲ ಬೀಗರೇ! ಪಾಪ, ಆ ಹೆಂಗಸಿಗೇನು ಗೊತ್ತು?"

ವೈದ್ಯರು ಚಮಚ ಕೆಳಗಿಟ್ಟರು. "ನಿಮಗೆ... ಏರಿಲ್ಲವೇ?"

"ಒಂಚೂರೂ ಇಲ್ಲ! ಮೂವತ್ತೊಂದು ವರ್ಷ ಬಸ್ ಓಡಿಸಿದೋನು. ನಿಲ್ಲಿಸಿದ್ರೆ ಯಾಕೆ ನಿಲ್ಲಿಸಿದೆ, ನಿಲ್ಲಿಸದಿದ್ರೆ ಯಾಕೆ ನಿಲ್ಲಿಸಲಿಲ್ಲ ಅಂತ ಬೈಸಿಕೊಂಡೋನು. ನನಗೆ ಅಷ್ಟು ಸುಲಭಕ್ಕೆ ಏರಲ್ಲ."

"ಸಂತೋಷ. ನಾನು ಹೇಳಿದ್ದು ಬೇರಿನ ವಿಷಯ."

"ಬೇರಿಗಾ? ಬೇರಿಗೆ ಐದು ಮೂಟೆ ಏರಿಸಿದ್ದೀನಿ!"

ಒಕ್‌ಬುನ್ ಮೇಜಿನ ಕೆಳಗೆ ಗಂಡನ ಪಾದವೆಂದು ತಿಳಿದು ಯಾರದೋ ಪಾದ ತುಳಿದಳು. ಬೀಗಿತ್ತಿ ಸಣ್ಣಗೆ ಕೂಗಿದರು. ಈ ಗದ್ದಲದಲ್ಲಿ ಮಾತು ಅಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಬೀಗರಿಗೆ ಮುಜುಗರವಾಗದಿರಲೆಂದು ವೈದ್ಯರು ಇನ್ನೂ ಒಂದು ದಾರಿ ತೆರೆದರು.

"ಕೊಯ್ಲಿನ ಹೊತ್ತಿಗೆ ಸರಿಹೋಗಬಹುದು. ಒಣಗಿಸಿದ ಬೇರಿನಲ್ಲಿ ಸತ್ವ ಆರು ಶೇಕಡಾ ಇರಬೇಕು ಅಂತ ನಿಯಮ. ಬರದಿದ್ದರೂ ಏನೀಗ, ಮೊದಲ ವರ್ಷ ತಾನೆ."

ಬಸ್ ಚಾಲಕನಿಗೆ ಪಕ್ಕದ ದಾರಿ ತೋರಿಸಿದರೆ ಅವಮಾನ. ಡೊಕ್‌ಸುಲ್ ಬೆನ್ನು ನೆಟ್ಟಗೆ ಮಾಡಿದ. ಮೂಟೆಯ ಮೇಲೆ ನಲವತ್ತಾರು ಇರುವಾಗ ಆರು ಯಾವ ಲೆಕ್ಕ!

"ಆರಾ? ಬೀಗರೇ, ಇದೇ ಅನ್ನದ ಮುಂದೆ ಹೇಳ್ತೀನಿ. ಮದ್ದು ಆರು ಶೇಕಡಾ ಏರದಿದ್ರೆ ನಾನು ಮಗಳ ಕೈ ಹಿಡಿದು ಮದುವೆ ಹಾಲ್ ಒಳಗೆ ಕಾಲಿಡಲ್ಲ!"

ಸೆರಿನ್‌ಳ ಕೈಯಿಂದ ಒಂದು ಊಟದ ಕಡ್ಡಿ ಜಾರಿ ತಟ್ಟೆಗೆ ಬಿತ್ತು.

ವಾಪಸು ಬರುವಾಗ ಕಾರಿನಲ್ಲಿ ಡೊಕ್‌ಸುಲ್ ಒಬ್ಬನೇ ಖುಷಿಯಾಗಿದ್ದ. "ನೋಡಿದಿರಾ, ಬೀಗರಿಗೆ ಸಿಟ್ಟೇ ಬರಲ್ಲ. ಬಾಯಿಬಿಟ್ಟು ಹೇಳಿದ್ರು, ಮದ್ದು ಏರಿಲ್ಲ ಅಂತ."

"ಅಪ್ಪಾ," ಎಂದಳು ಸೆರಿನ್, "ಅವರು ನಿನ್ನ ಬೇರು ಸಪ್ಪೆ ಅಂದ್ರು."

ಒಕ್‌ಬುನ್ ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. ಅಜ್ಜಿಯ ಮದ್ದು ಯಾವುದು, ಅಂಗಡಿಯ ಮದ್ದು ಯಾವುದು, ಬೀಗರ ಮದ್ದು ಯಾವುದು. ಎರಡನೆಯ ಸುರಂಗ ದಾಟುವಷ್ಟರಲ್ಲಿ ಡೊಕ್‌ಸುಲ್‌ಗೆ ಎಲ್ಲ ಅರ್ಥವಾಗಿತ್ತು.

"ಹಾಗಾದ್ರೆ ಆ ಮಾತು ವಾಪಸ್ ತಗೋ," ಎಂದಳು ಸೆರಿನ್. "ಆರು ವರ್ಷ ನಿನ್ನ ಬಸ್ಸಿನ ಮೊದಲ ಸೀಟಲ್ಲಿ ಕೂತು ಶಾಲೆಗೆ ಹೋದೋಳು ನಾನು. ಮದುವೆ ದಿನ ಯಾರ ಜೊತೆ ಹೋಗಲಿ, ಮೂಲಂಗಿ ಜೊತೆನಾ?"

"ಬೀಗರ ಮುಂದೆ ಆಡಿದ ಮಾತು ಮಗಳೇ. ಒನ್ ವೇ ರಸ್ತೆ. ತಿರುಗಿಸೋಕೆ ಜಾಗ ಇಲ್ಲ."

ಉಳಿದ ಎರಡು ತಿಂಗಳು ಅವನು ಹೊಲಕ್ಕೆ ಒಂದು ಹರಳು ಗೊಬ್ಬರ ಹಾಕಲಿಲ್ಲ. ಬೆಳಗ್ಗೆ ಎದ್ದು ಗಿಡಗಳ ನಡುವೆ ನಿಂತು ಮೂಸುತ್ತಿದ್ದ. ಕೆಣಕಿದರೆ ಮದ್ದು ಏರುತ್ತದಲ್ಲ ಎಂದು ಯಾರೂ ಇಲ್ಲದಾಗ ಗಿಡಗಳಿಗೆ ಬೈದೂ ನೋಡಿದ. ಮೋ ಅಜ್ಜಿ ಬೇಲಿಯ ಆಚೆಯಿಂದ ಕೇಳಿಸಿಕೊಂಡಳು.

"ಬಸ್ಸಪ್ಪಾ, ಯಾರನ್ನ ಬೈತಿದ್ದೀಯ?"

"ಗಿಡಾನ, ಅಜ್ಜಿ. ನೀವು ನಿಮ್ಮ ಗಿಡಕ್ಕೆ ಏನು ಹಾಕ್ತೀರಿ? ಸರಿಯಾಗಿ ಹೇಳಿ ಈ ಸಲ."

"ಒಂದಿಷ್ಟು ಹಳೇ ತಿಪ್ಪೆಗೊಬ್ಬರ ಹಾಕ್ತೀನಿ. ಆಮೇಲೆ ಮರೆತುಬಿಡ್ತೀನಿ. ಈ ವಯಸ್ಸಲ್ಲಿ ಮರೆವಿಗೇನು ಬರ?"

ನವೆಂಬರ್ ಮೊದಲ ವಾರ ಬೇರು ಕಿತ್ತು ಒಣಗಿಸಿ, ಮಾದರಿಯನ್ನು ತಾಲ್ಲೂಕಿನ ಕೃಷಿ ಕೇಂದ್ರಕ್ಕೆ ಕೊಟ್ಟ. ಹತ್ತು ದಿನದ ಮೇಲೆ ಅಧಿಕಾರಿ ತಾಕ್ ಎಂಬ ಹೆಣ್ಣುಮಗಳು ಕರೆಸಿ ಕೂರಿಸಿ ಕಾಗದ ತೋರಿಸಿದಳು. ನಾಲ್ಕು ಬಿಂದು ಮೂರು ಶೇಕಡಾ.

"ಯಂತ್ರ ಕೆಟ್ಟಿರಬೇಕು," ಎಂದ ಡೊಕ್‌ಸುಲ್. "ಮೂಟೆ ಮೇಲೇ ನಲವತ್ತಾರು ಇತ್ತು. ಗಿಡ ಅಷ್ಟೂ ಕುಡಿದು ನಾಲ್ಕು ವಾಪಸ್ ಕೊಟ್ಟರೆ ಉಳಿದದ್ದು ಎಲ್ಲಿ ಹೋಯ್ತಮ್ಮಾ?"

ತಾಕ್ ಪೆನ್ನು ಕೆಳಗಿಟ್ಟಳು. ನಗಬಾರದೆಂದು ಅವಳಿಗೆ ಕೆಲಸಕ್ಕೆ ಸೇರಿದಾಗಲೇ ಕಲಿಸಿದ್ದರು.

"ಅದು ಸಾರಜನಕ ಅಂಕಲ್, ಇದು ಗಿಡ ತಾನೇ ಕಟ್ಟಿಕೊಳ್ಳೋ ಸತ್ವ. ಸಾರಜನಕ ಧಾರಾಳವಾಗಿ ಸಿಕ್ಕಿದರೆ ಗಿಡ ಎಲ್ಲವನ್ನೂ ಎಲೆಗೆ, ಮೈಗೆ ಹಾಕಿಕೊಂಡು ಊದುತ್ತೆ. ಸ್ವಲ್ಪ ಕೊರತೆ ಇದ್ದರೆ ಅಷ್ಟು ಬೆಳೆಯೋಕೆ ಆಗಲ್ಲ, ಎಲೆ ಮಾಡಿದ ಸಕ್ಕರೆ ಮಿಗುತ್ತೆ. ಮಿಕ್ಕಿದ್ದರಲ್ಲಿ ಆ ಘಾಟು, ಕಹಿ ಎಲ್ಲ ಕಟ್ಟುತ್ತೆ. ಎಲ್ಲ ಗಿಡದಲ್ಲೂ ಒಂದೇ ಥರ ಅಂತ ಹೇಳಲ್ಲ. ಪೂರ್ತಿ ಉಪವಾಸ ಕೆಡವಿದರೆ ಬೇರೂ ಬಲಿಯಲ್ಲ. ಆದರೆ ಐದು ಮೂಟೆ..."

"ಮೂರು."

"ನಿಮ್ಮ ಮನೆಯವರು ಫೋನ್ ಮಾಡಿ ಐದು ಅಂದರು."

ಡೊಕ್‌ಸುಲ್ ಕಾಗದ ಮಡಚಿದ. "ಅಂದ್ರೆ ನಾನು ಗಿಡಾನ ಅತಿ ಸುಖವಾಗಿ ಇಟ್ಟೆ."

"ಹೌದು ಅಂಕಲ್. ಸುಖವಾಗಿರೋರಿಗೆ ಮದ್ದು ಯಾಕೆ ಏರುತ್ತೆ?"

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಾರನೆಯ ಬೆಳಗ್ಗೆ ಏಳಕ್ಕೆ ಊರಿನ ಧ್ವನಿವರ್ಧಕ ಗೊರಗೊರ ಎಂದಿತು. ಮುಖ್ಯಸ್ಥ ಕ್ವಾಕ್ ಎರಡು ಸಲ ಕೆಮ್ಮಿ ಪ್ರಕಟಿಸಿದ: "ಸೊಲ್‌ಗೊಲ್ ನಿವಾಸಿಗಳ ಗಮನಕ್ಕೆ. ಶನಿವಾರ ಡೊಕ್‌ಸುಲಣ್ಣನ ಮಗಳ ಮದುವೆಗೆ ಬಸ್ ಎಂಟು ಗಂಟೆಗೆ ಹೊರಡುತ್ತೆ. ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆ ಮೂಲಂಗಿ ಸಾಲದವರು ಅವರ ಹೊಲದಲ್ಲಿ ವಿಚಾರಿಸಬಹುದು. ಧನ್ಯವಾದ."

ನೀಲಿ ಟೋಪಿ ಯಾರ ಕೈಗೆ ಸಿಕ್ಕಿತೋ ಗೊತ್ತಿಲ್ಲ, ಎರಡು ದಿನದಲ್ಲಿ ಅದು ಬಸ್ ನಿಲ್ದಾಣದ ಕಂಬದ ಮೇಲೆ ಕಾಣಿಸಿತು. "ದಾಂಗ್ವಿ" ಎಂಬುದರ ಮೇಲೆ ಅಂಟು ಪಟ್ಟಿ ಹಚ್ಚಿ "ಮೂಲಂಗಿ" ಎಂದು ಬರೆದಿದ್ದರು. ಡೊಕ್‌ಸುಲ್ ಅದನ್ನು ಇಳಿಸಿ ತಲೆಗಿಟ್ಟುಕೊಂಡು ಮನೆಗೆ ಬಂದ. "ಈಗ ಬರೆದಿರೋದು ಸರಿ ಇದೆ," ಎಂದು ಒಕ್‌ಬುನ್‌ಗೆ ಹೇಳಿ ನಕ್ಕ. ಅವನಿಗೆ ಏರಲಿಲ್ಲ. ತಪ್ಪು ತನ್ನದು, ನಗು ಊರಿನದು. ಲೆಕ್ಕ ಸರಿಯಾಗಿತ್ತು.

ಮಗಳನ್ನು ಒಳಗೆ ಕರೆದೊಯ್ಯುವ ಕೆಲಸ ಒಕ್‌ಬುನ್‌ಳ ತಮ್ಮನಿಗೆ ಬಿತ್ತು. ಅವನು ಅದನ್ನು ಪದವಿಯೆಂದೇ ಭಾವಿಸಿದ. ಹೊಸ ಬೂಟು ಕೊಂಡ. ಅಕ್ಕನ ಅಂಗಳದಲ್ಲಿ ಒಂದು ಪೊರಕೆಯನ್ನು ತೋಳಿಗೆ ಸಿಕ್ಕಿಸಿಕೊಂಡು ನಡೆದು ಅಭ್ಯಾಸ ಮಾಡಿದ. ಸೆರಿನ್ ಕಿಟಕಿಯಿಂದ ನೋಡಿ ಪರದೆ ಎಳೆದಳು.

ಮದುವೆಯ ದಿನ ಜೆಚನ್‌ನ ಹಾಲ್ ತುಂಬಿತ್ತು. ಎರಡೂ ಮನೆಯ ತಾಯಂದಿರು ದೀಪ ಹಚ್ಚಿ ಕೂತಾಗಿತ್ತು. ವರ ಒಳಗೆ ಹೋಗಿಯಾಗಿತ್ತು. ಮುಚ್ಚಿದ ಬಾಗಿಲಿನ ಹೊರಗೆ ಸೆರಿನ್ ಬಿಳಿ ಉಡುಪಿನಲ್ಲಿ ನಿಂತಿದ್ದಳು, ಅಪ್ಪನ ಕಡೆ ನೋಡದೆ. ಡೊಕ್‌ಸುಲ್ ಗೋಡೆಗೆ ಒರಗಿ, ಭಾವಮೈದುನ ಬಿಳಿ ಕೈಗವಸು ಹಾಕಿಕೊಳ್ಳುವುದನ್ನು ನೋಡುತ್ತಿದ್ದ. ಎಡಗೈಯದು ಬಲಗೈಗೆ ಹೋಗುತ್ತಿರಲಿಲ್ಲ.

"ಭಾವಾ, ನೀವು ಚಿಂತೆ ಬಿಡಿ," ಎಂದ ಭಾವಮೈದುನ, ಹಲ್ಲಿನಿಂದ ಗವಸು ಎಳೆಯುತ್ತ. "ಮೂಲಂಗಿ ನೀವು ನೋಡಿಕೊಳ್ಳಿ, ಮಗಳನ್ನ ನಾನು ನೋಡಿಕೊಳ್ತೀನಿ."

ಮೂವತ್ತೊಂದು ವರ್ಷದ ಪ್ರಯಾಣಿಕರೆಲ್ಲ ಸೇರಿ ಮಾಡಲಾಗದ್ದನ್ನು ಅವನೊಬ್ಬ ಮಾಡಿದ. ಡೊಕ್‌ಸುಲ್‌ನ ಕಿವಿ ಕೆಂಪಾಯಿತು. ಕತ್ತು ಕೆಂಪಾಯಿತು. ಬೋಳುತಲೆ ಹೊಳೆಯತೊಡಗಿತು.

"ಬಿಚ್ಚೋ ಗವಸು! ನನ್ನ ಮಗಳು ಕಣೋ ಅವಳು! ನಡೆಯೋಕೆ ಬರದವನು, ಪೊರಕೆ ಜೊತೆ ನಡೆದವನು, ಎಡ ಬಲ ಗೊತ್ತಿಲ್ಲದವನು! ಕೊಡೋ ಇಲ್ಲಿ!"

ಕಿತ್ತುಕೊಂಡು ಒಂದು ಕೈಗೆ ಹಾಕಿಕೊಂಡ. ಎರಡನೆಯದು ಅರ್ಧ ಹೋದಾಗ ಅನ್ನದ ಮುಂದೆ ಆಡಿದ ಮಾತು ನೆನಪಾಯಿತು. ಕೈ ನಿಂತಿತು. ಸೆರಿನ್ ಈಗ ಅವನನ್ನೇ ನೋಡುತ್ತಿದ್ದಳು. ಒಳಗೆ ನಿರೂಪಕ ಮೊದಲ ಸಲ "ವಧುವಿನ ಪ್ರವೇಶ" ಎಂದ. ಡೊಕ್‌ಸುಲ್ ಗವಸನ್ನು ಮೆಲ್ಲಗೆ ಹೊರಗೆಳೆಯತೊಡಗಿದ.

ಗದ್ದಲ ಕೇಳಿ ಬಾಗಿಲ ಸಂದಿಯಿಂದ ಹೊರಬಂದಿದ್ದ ನಮ್‌ಗುಂಗ್ ವೈದ್ಯರು ಹತ್ತಿರ ಬಂದರು. ಗವಸಿಲ್ಲದ ಆ ಕೈಯನ್ನು ಹಿಡಿದು, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ಉಸಿರಾಡುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಒಳಗೆ ನಿರೂಪಕ ಎರಡನೆಯ ಸಲ ಕೂಗಿದ. ಪಿಯಾನೋದವಳು ಅದೇ ಸಾಲನ್ನು ಮತ್ತೆ ಮೊದಲಿಂದ ಹಿಡಿದಳು.

"ಬೀಗರೇ," ಎಂದರು ವೈದ್ಯರು ಕಣ್ಣು ತೆರೆಯದೆ, "ನಿಮ್ಮ ಮಾತು ನನಗೆ ಚೆನ್ನಾಗಿ ನೆನಪಿದೆ. ಮದ್ದು ಆರು ಶೇಕಡಾ ಏರದಿದ್ದರೆ ಒಳಗೆ ಕಾಲಿಡಲ್ಲ ಅಂದಿರಿ. ಯಾರಿಗೆ ಏರಬೇಕು ಅಂತ ಹೇಳಿರಲಿಲ್ಲ."

"ಬೀಗರೇ..."

"ಮಾತಾಡಬೇಡಿ, ಎಣಿಕೆ ತಪ್ಪುತ್ತೆ." ಇನ್ನೂ ನಾಲ್ಕು ಬಡಿತ ಎಣಿಸಿ ಕೈ ಬಿಟ್ಟರು. "ಏರಿದೆ. ಆರಕ್ಕಿಂತ ಮೇಲೇ ಇದೆ. ಒಳಗೆ ನಡೆಯಿರಿ."

ಬಾಗಿಲು ತೆರೆಯಿತು. ಸೆರಿನ್ ಅಪ್ಪನ ತೋಳು ಹಿಡಿದು, "ನಿಧಾನ ಅಪ್ಪಾ, ಬ್ರೇಕ್ ಒತ್ತಿಕೊಂಡು," ಎಂದಳು. ಡೊಕ್‌ಸುಲ್ ಒಂದೇ ಗವಸಿನಲ್ಲಿ ಹೊರಟ. ಹಳೆಯ ಅಭ್ಯಾಸ, ಪ್ರತಿ ಸಾಲಿನ ಹತ್ತಿರ ನಿಂತು, ಎಡಕ್ಕೊಂದು ಬಲಕ್ಕೊಂದು ತಲೆಬಾಗಿ, ಎಲ್ಲರೂ ನೋಡಿದರೆಂದು ಖಾತ್ರಿಯಾದ ಮೇಲೆ ಮುಂದೆ ಹೋದ. ಕ್ವಾಕ್ ಕೂತಿದ್ದ ಸಾಲಿನಲ್ಲಿ ನಿಂತ. ಕೃಷಿ ಕೇಂದ್ರದ ತಾಕ್ ಕೂತಿದ್ದ ಸಾಲಿನಲ್ಲಿ ನಿಂತ. ಮೋ ಅಜ್ಜಿಯ ಸಾಲಿನಲ್ಲಿ ನಿಂತಾಗ ಅವಳು ಅವನ ಕೋಟನ್ನು ಮೂಸಿ ನೋಡಿ, "ಹೂಂ, ಈಗ ಪರವಾಗಿಲ್ಲ ಬಸ್ಸಪ್ಪಾ," ಎಂದಳು.

ಕೊನೆಗೆ ಮೊದಲ ಸಾಲು ಬಂತು. ಅಲ್ಲಿ ಒಕ್‌ಬುನ್ ಕಣ್ಣೊರೆಸಿಕೊಳ್ಳುತ್ತ, ಗಂಡ ತನ್ನ ಕಡೆ ತಿರುಗುತ್ತಾನೆಂದು ಕಾಯುತ್ತ ಕೂತಿದ್ದಳು. ಡೊಕ್‌ಸುಲ್ ನಿಲ್ಲಿಸದೆ ಮುಂದೆ ಹೋದ.

ಇದು ಎರಡನೆಯ ಸಲ. ಈ ಅಂಕಿಯನ್ನೂ ಒಕ್‌ಬುನ್ ಪರಿಶೀಲಿಸಿದ್ದಾಳೆ.